ಕೈ ಮಡಚಿಕೊಂಡು ಓಡಿದ ಎಂಜಿನ್ನು

ರಾಣೆಬೆನ್ನೂರಿನಿಂದ ಹಾವೇರಿಗೆ ದಿನಾ ನೌಕರಿಗೆ ಹೋಗುವವರಲ್ಲಿ ಎರಡು ಪಂಗಡ. ಬಸ್ಸಿನವರು ಮತ್ತು ಪಾಸಿನವರು. ಬಸ್ಸಿನವರು ಹೆದ್ದಾರಿ ಹಿಡಿದು ಲಗೂ ಮುಟ್ಟಿ, ಕುರ್ಚಿಯಲ್ಲಿ ಕೂತು ಬೇಸರಪಡುತ್ತಾರೆ. ಪಾಸಿನವರು ಎಂದರೆ ರೈಲಿನ ತಿಂಗಳ ಪಾಸು ತೆಗೆಸಿದವರು. ಅವರು ತಡವಾಗಿ ಮುಟ್ಟುತ್ತಾರೆ, ಆದರೆ ಯಾಕೆ ತಡವಾಯಿತು ಎಂಬುದರ ಬಗ್ಗೆ ಅವರಿಗೆ ಸಂಪೂರ್ಣ ಜ್ಞಾನವಿರುತ್ತದೆ. ನಾನು ಹಲವು ವರ್ಷಗಳಿಂದ ಪಾಸಿನವನು. ಹಾವೇರಿಯ ಒಂದು ಖಾಸಗಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. ಧಾರವಾಡದಲ್ಲಿ ಎಂ.ಎ. ಓದಿದ್ದೇನೆ. ಇದನ್ನು ಇಲ್ಲಿ ಹೇಳುವ ಅಗತ್ಯವಿರಲಿಲ್ಲ, ಆದರೆ ಮುಂದೆ ನಡೆದದ್ದರಲ್ಲಿ ಅರ್ಧ ತಪ್ಪು ಈ ಎಂ.ಎ.ಯದೇ.

ನಮ್ಮ ಡಬ್ಬಿ ಎಂಜಿನ್ನಿನ ಬೆನ್ನಿಗೇ ಇರುವ ಮೊದಲನೆಯದು. ಅಲ್ಲಿ ಯಾರು ಎಲ್ಲಿ ಕೂಡಬೇಕು ಎಂಬುದು ನಿಶ್ಚಯವಾಗಿಹೋಗಿದೆ. ರಾಣೆಬೆನ್ನೂರಿನವರು ಕಿಟಕಿ ಹಿಡಿಯುತ್ತಾರೆ, ಬ್ಯಾಡಗಿ ಬಂದಾಗ ಒಂದು ಕಿಟಕಿಯನ್ನು ಬಿಟ್ಟುಕೊಡುತ್ತಾರೆ. ಅದು ನಮ್ಮ ಡಬ್ಬಿಯ ಅಧ್ಯಕ್ಷರದು. ಅವರನ್ನು ಯಾರೂ ಆರಿಸಿಲ್ಲ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರು. ಹಾವೇರಿ ಕೋರ್ಟಿನಲ್ಲಿ ಅವರದೊಂದು ಜಮೀನಿನ ಕೇಸು ನಡೆದಿತ್ತು. ಕೇಸಿನ ತಾರೀಕು ಇಲ್ಲದ ದಿನವೂ ಕೋರ್ಟಿನ ಮುಂದೆ ನಿಂತು ಒಂದು ಕಪ್ಪು ಚಹಾ ಕುಡಿಯದಿದ್ದರೆ ಅವರಿಗೆ ಜೀವಕ್ಕೆ ಸಮಾಧಾನವಿಲ್ಲ. ಅವರ ಧೋತರದಿಂದ ಮೆಣಸಿನಕಾಯಿ ಘಾಟು ಎದ್ದು, ಅವರು ಬಂದು ಕೂತ ಕೂಡಲೇ ನಾಲ್ಕು ಮಂದಿ ಸೀನುತ್ತಿದ್ದರು. ಅದನ್ನು ಅವರು ಸ್ವಾಗತವೆಂದೇ ತಿಳಿದಿದ್ದರು.

ಎದುರಿನ ಸೀಟಿನಲ್ಲಿ ಚಾಚಾ. ರಾಣೆಬೆನ್ನೂರಿನಲ್ಲಿ ಅವರದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪಸೆಟ್ಟುಗಳಿಗೆ ತಾಮ್ರದ ತಂತಿ ಸುತ್ತಿ ಜೀವ ಕೊಡುವ ಕೆಲಸ. ಅಂಗಡಿ ಮಗನಿಗೆ ಬಿಟ್ಟು, ಹಾವೇರಿಯ ಒಂದು ಕಾರ್ಖಾನೆಯ ಮೋಟಾರುಗಳನ್ನು ನೋಡಿಕೊಳ್ಳಲು ಹೋಗಿಬರುತ್ತಿದ್ದರು. ಮಾತು ಕಡಿಮೆ. ಅವರ ಪಕ್ಕದಲ್ಲಿ ಅಕ್ಕಾರು, ಹಾವೇರಿಯ ಒಂದು ಸರ್ಕಾರಿ ಕಚೇರಿಯ ಗುಮಾಸ್ತೆ. ಡಬ್ಬಿಯಲ್ಲಿ ಅವರಿಗಿಂತ ವಯಸ್ಸಾದವರೂ ಅವರನ್ನು ಅಕ್ಕಾರೆಂದೇ ಕರೆಯುತ್ತಿದ್ದರು. ಅಷ್ಟು ಮಂದಿಯಲ್ಲಿ ಗಡಿಯಾರ ನೋಡುತ್ತಿದ್ದವರು ಅವರೊಬ್ಬರೇ.

ನಮ್ಮ ಹಳಿಯ ಮೇಲೆ ವಿದ್ಯುತ್ ತಂತಿ ಬಂದ ಹೊಸದರಲ್ಲಿ ಡಬ್ಬಿಯಲ್ಲಿ ಎಂಜಿನ್ನಿನದೇ ಮಾತು. ಡೀಸೆಲ್ ಎಂಜಿನ್ನು ಹೊರಡುವ ಮೊದಲು ಗುರುಗುಟ್ಟುತ್ತಿತ್ತು. ಆ ಸದ್ದು ಕೇಳಿ ಬ್ಯಾಡಗಿ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿಯುವವರು ಕೊನೆಯ ಗುಟುಕು ಹಾಕಿ ನಿಶ್ಚಿಂತೆಯಿಂದ ಹತ್ತುತ್ತಿದ್ದರು. ಕರೆಂಟಿನ ಎಂಜಿನ್ನು ಹೇಳದೆ ಕೇಳದೆ ಹೊರಟುಬಿಡುತ್ತದೆ. ಮೊದಲ ತಿಂಗಳು ಚಹಾದ ಕಪ್ಪು ಕೈಯಲ್ಲಿ ಹಿಡಿದು ಓಡುವ ದೊಡ್ಡ ಮನುಷ್ಯರನ್ನು ನೋಡುವುದೇ ನಮಗೆ ಕೆಲಸವಾಗಿತ್ತು.

ಆಗ ನಾನು ನನ್ನ ಓದನ್ನು ಹೊರಗೆ ತೆಗೆದೆ. ಎಲ್ಲೋ ಓದಿದ್ದೆ, ಪರದೇಶದ ದೊಡ್ಡ ಊರುಗಳಲ್ಲಿ ದಿನಾ ಕೆಲಸಕ್ಕೆ ಹೋಗಿಬರುವವರ ಗಾಡಿಗಳಿಗೆ ಎರಡೂ ಬಗೆಯಲ್ಲಿ ಓಡುವ ಎಂಜಿನ್ನುಗಳಿವೆ ಎಂದು. ಊರೊಳಗಿನ ಸುರಂಗದಲ್ಲಿ ಹೊಗೆ ಬಿಡುವಂತಿಲ್ಲ, ಅಲ್ಲಿ ಕರೆಂಟು ತೆಗೆದುಕೊಳ್ಳುತ್ತದೆ. ಊರು ದಾಟಿ ತಂತಿ ಮುಗಿದ ಮೇಲೆ ತನ್ನ ಹೊಟ್ಟೆಯೊಳಗಿನ ಡೀಸೆಲ್ಲಿನಿಂದ ಓಡುತ್ತದೆ. ಎಂಜಿನ್ನು ಬದಲಿಸುವ ಗದ್ದಲವಿಲ್ಲ, ಕೂತವರು ಏಳಬೇಕಿಲ್ಲ. ನಮ್ಮ ದೇಶದಲ್ಲೂ ಅಂಥದೊಂದನ್ನು ಮಾಡಿ ನೋಡಿದ್ದಾರೆಂದು ಕೇಳಿದ್ದೆ. ಇಷ್ಟನ್ನು ನಾನು ಬ್ಯಾಡಗಿಯಿಂದ ಹಾವೇರಿಯವರೆಗೆ, ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದೆ. ಅಧ್ಯಕ್ಷರು ಕೇಳಿದ ಪ್ರಶ್ನೆ ಒಂದೇ, ನಮಗ್ಯಾಕಿಲ್ಲ ಎಂದು. ಜಗತ್ತಿನ ಯಾವ ವಸ್ತುವಿನ ಬಗ್ಗೆಯೂ ಅವರಿಗೆ ಬೇರೆ ಪ್ರಶ್ನೆ ಹುಟ್ಟಿದ್ದನ್ನು ನಾನು ಕಂಡಿಲ್ಲ.

ಅದಾದ ಎರಡು ತಿಂಗಳಿಗೋ ಮೂರು ತಿಂಗಳಿಗೋ, ಒಂದು ಮುಂಜಾನೆ, ಬ್ಯಾಡಗಿಯಲ್ಲಿ ಗಾಡಿ ನಿಂತಾಗ ನಾನು ಬಾಗಿಲಿನಿಂದ ಹೊರಗೆ ಬಾಗಿ ನೋಡಿದೆ. ನಮ್ಮ ಡಬ್ಬಿಯ ಮುಂದೆ ಕರೆಂಟಿನ ಎಂಜಿನ್ನು. ಮೇಲಿನ ತಂತಿಗೆ ತಾಗಬೇಕಾದ ಅದರ ಕಬ್ಬಿಣದ ಕೈ ಕೆಳಗೆ ಮಡಚಿ ಮಲಗಿತ್ತು. ಆದರೂ ಗುರುಗುಟ್ಟುವ ಸದ್ದು. ಮೇಲೆ ಹೊಗೆ. ಗಾಡಿ ಹೊರಟಿತು. ಕೈ ಮೇಲೇಳಲೇ ಇಲ್ಲ.

ನಾನು ಒಳಗೆ ಬಂದು, ನಮಗೂ ಬಂತು ಎಂದೆ.

ಮುಂದೆ ಹೋಗಿ ನೋಡುವ ಯೋಚನೆ ನನಗಾಗಲಿ, ಸೀನುತ್ತಿದ್ದ ಉಳಿದವರಿಗಾಗಲಿ ಬರಲಿಲ್ಲ. ಚಾಚಾ ಮಾತ್ರ ಹಾವೇರಿಯಲ್ಲಿ ಇಳಿದು ಎಂಜಿನ್ನಿನ ತನಕ ನಡೆದುಹೋಗಿ ಬಂದರು. ಬಂದು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದರು.

"ಸರ, ಅದರ ಮುಂದ ಇನ್ನೊಂದು ಡೀಸೆಲ್ ಎಂಜಿನ್ ಐತ್ರಿ. ನೀವು ನೋಡಿದ್ದು ಕೆಟ್ಟು ನಿಂತಿದ್ದು. ರಿಪೇರಿಗೆ ಎಳಕೊಂಡು ಹೊಂಟಾರ."

ಅಧ್ಯಕ್ಷರು ನಕ್ಕರು. ಸರ್ ಎಂ.ಎ. ಮಾಡ್ಯಾರ, ನೀ ಪಂಪಸೆಟ್ ಸುತ್ತಾಂವ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ನಗೆಯಲ್ಲಿ ಅದೆಲ್ಲ ಇತ್ತು.  ನಾನು ಮುಂದಿನ ವಾರ ಕೂತು ಹಾವೇರಿಯ ಒಂದು ಪತ್ರಿಕೆಗೆ ಪತ್ರ ಬರೆದೆ. ನಮ್ಮ ಪ್ಯಾಸೆಂಜರ್ ಗಾಡಿಗೆ ಕರೆಂಟಿನಲ್ಲೂ ಡೀಸೆಲ್ಲಿನಲ್ಲೂ ಓಡುವ ಎಂಜಿನ್ನು ಕೊಟ್ಟಿದ್ದಕ್ಕೆ ಧನ್ಯವಾದ, ಇನ್ನು ಮುಂದೆ ಕರೆಂಟು ಹೋದರೂ ಪ್ರಯಾಣಿಕರು ನಡುದಾರಿಯಲ್ಲಿ ನಿಲ್ಲುವ ಪ್ರಸಂಗ ಬರುವುದಿಲ್ಲ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು. 'ಕಣ್ಣಾರೆ' ಎಂಬ ಪದವನ್ನು ನಾನೇ ಆರಿಸಿದ್ದು. ಡಬ್ಬಿಯ ಎಲ್ಲರೂ ಸಹಿ ಹಾಕಿದರು. ಕಾಗದ ಚಾಚಾನ ಕೈಗೆ ಬಂದಾಗ ಅವರು ಕೊನೆಯ ಸಾಲಿನ ತನಕ ಓದಿ ಪೆನ್ನು ಹಿಡಿದರು.

"ಎಲ್ಲಾರೂ ಹಾಕ್ಯಾರ, ನಂದೂ ಇರ್ಲಿ. ಇದು ಸುಳ್ಳಂತ ನನಗೊಬ್ಬಗ ಗೊತ್ತಿದ್ರ ಸಾಕು."

ಪತ್ರ ಅಚ್ಚಾಯಿತು. ಅಧ್ಯಕ್ಷರು ಅದನ್ನು ಲ್ಯಾಮಿನೇಷನ್ ಮಾಡಿಸಿ ಅಂಗಡಿಯಲ್ಲಿ ದೇವರ ಫೋಟೋದ ಪಕ್ಕಕ್ಕೆ ತೂಗುಹಾಕಿದರು. ಮೆಣಸಿನಕಾಯಿ ಮಾರಲು ಬಂದವರು ತಮ್ಮ ಸರದಿಗೆ ಕಾಯುತ್ತ ಅದನ್ನು ಓದುತ್ತಿದ್ದರಂತೆ. ಹಾಗಾಗಿ ಸುದ್ದಿ ಮೇಡ್ಲೇರಿಯಂಥ ಹಳ್ಳಿಗಳವರೆಗೆ ಹೋಯಿತು. ಕೆಲವರು ಆ ಎಂಜಿನ್ನಿನಲ್ಲಿ ತಾವೂ ಕೂತಿದ್ದೇವೆ ಎನ್ನತೊಡಗಿದರು. ಒಬ್ಬರು ಡೀಸೆಲ್ಲಿನಿಂದ ಕರೆಂಟಿಗೆ ಬದಲಾಗುವಾಗ ಡಬ್ಬಿಯ ಫ್ಯಾನು ಒಂದು ಗಳಿಗೆ ನಿಂತು ಮತ್ತೆ ತಿರುಗುತ್ತದೆ ಎಂದು ನನಗೇ ವಿವರಿಸಿದರು. ಕೇಳಿದ ಮೇಲೆ ನನಗೂ ಅದು ನೆನಪಾಯಿತು. ಫ್ಯಾನು ನಿಂತದ್ದು, ಹಣೆಯಲ್ಲಿ ಬೆವರೊಡೆದದ್ದು, ಎಲ್ಲ.

ದೀಪಾವಳಿ ಕಳೆದು ಕೆಲ ದಿನಗಳಿಗೆ ಗಾಡಿ ನಿಂತಿತು. ಬ್ಯಾಡಗಿ ದಾಟಿ, ಹಾವೇರಿ ಇನ್ನೂ ಬರಬೇಕು, ಎರಡೂ ಕಡೆ ಗೋವಿನಜೋಳದ ಹೊಲ. ಮೇಲಿನ ತಂತಿಯಲ್ಲಿ ಕರೆಂಟು ಹೋಗಿತ್ತು. ಎರಡು ತಾಸಿನ ಹತ್ತಿರ ನಿಂತು, ಹಾವೇರಿ ಕಡೆಯಿಂದ ಡೀಸೆಲ್ ಎಂಜಿನ್ನು ಬಂದು ಎಳೆದುಕೊಂಡು ಹೋಯಿತು. ಅಕ್ಕಾರು ಕಚೇರಿ ಮುಟ್ಟಿದ್ದು ಮಧ್ಯಾಹ್ನಕ್ಕೆ. ಅವತ್ತೇ ಮೇಲಿನಿಂದ ತಪಾಸಣೆಗೆ ಬಂದಿದ್ದರು. ಅವರಿಗೆ ಬೇಕಾದ ಕಡತ ಅಕ್ಕಾರ ಕಪಾಟಿನಲ್ಲಿ, ಕಪಾಟಿನ ಕೀಲಿ ಅಕ್ಕಾರ ಚೀಲದಲ್ಲಿ, ಚೀಲ ಗೋವಿನಜೋಳದ ನಡುವೆ. ಮೂರನೆಯ ದಿನ ಕಾರಣ ಕೇಳಿ ನೋಟಿಸು ಬಂತು. ಏಳು ದಿನದೊಳಗೆ ಉತ್ತರ ಕೊಡಬೇಕು.

ನೋಟಿಸು ಅವರಿಗೆ ಹೊಸದಲ್ಲದಿದ್ದರೆ ಇಷ್ಟು ಚಿಂತೆ ಇರುತ್ತಿರಲಿಲ್ಲ. ಇಡೀ ನೌಕರಿಯಲ್ಲಿ ಅದೇ ಮೊದಲನೆಯದು. ಅದೇ ತಿಂಗಳು ಬಡ್ತಿಯ ಪಟ್ಟಿ ಹೋಗಬೇಕಿತ್ತು. ಸೇವಾ ಪುಸ್ತಕದಲ್ಲಿ ಒಂದು ಗೆರೆ ಬಿದ್ದರೆ ಅವರ ಹೆಸರು ಪಟ್ಟಿಯಿಂದ ಕೆಳಗಿಳಿದು, ಅವರ ಕೈಯಲ್ಲೇ ಕೆಲಸ ಕಲಿತವನು ಅವರಿಗೆ ಮೇಲಧಿಕಾರಿಯಾಗುತ್ತಿದ್ದ. ರೈಲು ತಡವಾದದ್ದಕ್ಕೆ ಪ್ರಮಾಣಪತ್ರ ಬೇಕೆಂದು ಸ್ಟೇಷನ್ನಿನಲ್ಲಿ ಅರ್ಜಿ ಕೊಟ್ಟಿದ್ದರು. ಅದರ ಉತ್ತರ ಮೇಲಿನಿಂದ ಬರಬೇಕು, ಏಳು ದಿನದಲ್ಲಿ ಬರುವಂಥದಲ್ಲ. ಅದಕ್ಕೆ ಡಬ್ಬಿಯವರಿಂದ ಒಂದು ಹೇಳಿಕೆ ಬರೆಸಿ, ಸಹಿ ಹಾಕಿಸಿ, ತಮ್ಮ ಕಚೇರಿಯ ಸಾಹೇಬರ ಮುಂದೆ ಇಟ್ಟರು.

ಮರುದಿನ ಗಾಡಿಯಲ್ಲಿ ಅವರು ಬಂದು ನನ್ನ ಎದುರಿಗೆ ಕೂತ ರೀತಿ ನೋಡಿಯೇ ಏನೋ ಕೆಟ್ಟಿದೆ ಎಂದು ಗೊತ್ತಾಯಿತು. ಸಾಹೇಬರು ಮೈಸೂರು ಕಡೆಯವರು, ಪತ್ರಿಕೆಗಳನ್ನು ಕತ್ತರಿಸಿ ಇಡುವ ಅಭ್ಯಾಸದವರು. ಹೇಳಿಕೆಯ ಸಹಿಗಳನ್ನು ನೋಡಿ, ಡ್ರಾಯರಿನಿಂದ ನನ್ನ ಪತ್ರವನ್ನು ತೆಗೆದು ಪಕ್ಕದಲ್ಲಿಟ್ಟರಂತೆ. ಅದೇ ಹೆಸರುಗಳು, ಅದೇ ಅನುಕ್ರಮದಲ್ಲಿ. ಕರೆಂಟು ಹೋದರೂ ನಿಮ್ಮ ಗಾಡಿ ನಿಲ್ಲುವುದಿಲ್ಲ ಎಂದು ಇಷ್ಟು ಜನ ಬರೆದಿದ್ದಾರೆ, ಕರೆಂಟು ಹೋದದ್ದಕ್ಕೆ ಗಾಡಿ ನಿಂತಿತು ಎಂದೂ ಇದೇ ಜನ ಬರೆದಿದ್ದಾರೆ, ನಾನು ಯಾವುದನ್ನು ನಂಬಲಿ ಎಂದು ಕೇಳಿದರಂತೆ.

ಅಧ್ಯಕ್ಷರಿಗೆ ಇದು ಅವಮಾನವೆನಿಸಿತು. ಎಂಜಿನ್ನು ಖರೇ, ಗಾಡಿ ನಿಂತದ್ದೂ ಖರೇ, ಡ್ರೈವರನಿಗೆ ಬದಲಿಸುವ ಗುಂಡಿ ಎಲ್ಲೈತಿ ಅಂತ ಗೊತ್ತಾಗಿರಲಿಕ್ಕಿಲ್ಲ ಎಂದು ವಾದ ತೆಗೆದರು. ಅರ್ಧ ಡಬ್ಬಿ ಅದಕ್ಕೆ ತಲೆದೂಗಿತು. ಡ್ರೈವರನ ಮೇಲೆ ದೂರು ಕೊಡೋಣ ಎಂಬಲ್ಲಿಗೆ ಬಂತು. ಅಕ್ಕಾರು ಯಾರ ಕಡೆಗೂ ನೋಡದೆ ನನ್ನನ್ನು ಕೇಳಿದರು.

"ಸರ, ನೀವು ಖರೇನ ನೋಡಿದ್ರೇನ್ರೀ?"

ಪ್ರತಿವರ್ಷ ಜೂನ್ ತಿಂಗಳಲ್ಲಿ ನಾನು ಮಾಡುವ ಒಂದು ಪಾಠವಿದೆ. ಕ್ಲಾಸಿನ ನಡುವೆ ಒಬ್ಬ ಬಂದು ಏನೋ ಕೇಳಿ ಹೋಗುತ್ತಾನೆ. ಆಮೇಲೆ ಹುಡುಗರಿಗೆ ಅವನ ಅಂಗಿಯ ಬಣ್ಣ ಬರೆಯಲು ಹೇಳುತ್ತೇನೆ. ಐದು ಬಣ್ಣ ಬರುತ್ತವೆ. ಕಂಡದ್ದು, ಕೇಳಿದ್ದು, ಓದಿದ್ದು ನೆನಪಿನಲ್ಲಿ ಬೆರೆತುಹೋಗುತ್ತವೆ, ಎಷ್ಟು ಗಟ್ಟಿಯಾಗಿ ಹೇಳುತ್ತಾರೋ ಅಷ್ಟು ಖರೆ ಎಂದು ತಿಳಿಯಬೇಡಿ ಎಂದು ಹೇಳಿ, ಹುಡುಗರ ಮುಖ ನೋಡಿ ಖುಷಿಪಡುತ್ತೇನೆ. ಪರೀಕ್ಷೆಯಲ್ಲಿ ಅದಕ್ಕೆ ಹತ್ತು ಅಂಕ. ಅಕ್ಕಾರ ಪ್ರಶ್ನೆಗೆ ನಾನು ಕೊಟ್ಟ ಉತ್ತರಕ್ಕೆ ಎರಡು ಅಂಕವೂ ಬರುತ್ತಿರಲಿಲ್ಲ. ನೋಡಿದ ಹಾಗೆ ನೆನಪು ಎಂದೆ.

ಚಾಚಾ ಕಿಟಕಿಯ ಆಚೆ ಉಗುಳಿ, ಒಳಗೆ ತಲೆ ತಂದು, ಅಂದು ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದರು. ಕೆಟ್ಟ ಎಂಜಿನ್ನಿನ ಮೈ ಅಷ್ಟು ದೊಡ್ಡದು, ಅದರ ಬೆನ್ನ ಹಿಂದಿನ ಬಾಗಿಲಲ್ಲಿ ನಿಂತವನಿಗೆ ಮುಂದಿನದು ಹೇಗೆ ಕಾಣಬೇಕು ಎಂದು. ಇಷ್ಟು ಸರಳವಾದದ್ದನ್ನು ಎರಡನೆಯ ಸಲ ಕೇಳುವಾಗ ನಾಚಿಕೆಯಾಗುತ್ತದೆ. ಮೊದಲ ಸಲ ಆಗುವುದಿಲ್ಲ, ಮೊದಲ ಸಲ ನಮ್ಮ ಹತ್ತಿರ ಎಂ.ಎ. ಇರುತ್ತದೆ.

ಮಧ್ಯಾಹ್ನ ಕಾಲೇಜು ಬಿಟ್ಟು ಸಾಹೇಬರನ್ನು ಕಾಣಲು ಹೋದೆ. ಅವರು ಕುರ್ಚಿ ತೋರಿಸಿದರು, ಕೂತೆ. ನಾನು ಬರೆದ ಪತ್ರ ತಪ್ಪು, ಅಂಥ ಎಂಜಿನ್ನು ನಮ್ಮ ಗಾಡಿಗೆ ಬಂದೇ ಇಲ್ಲ, ನಾನು ನೋಡಿದ್ದು ಒಂದು ಡೀಸೆಲ್ಲು ಎಳೆಯುತ್ತಿದ್ದ ಕೆಟ್ಟ ಎಂಜಿನ್ನು ಎಂದು ಹೇಳಿದೆ.

"ಕಣ್ಣಾರೆ ಕಂಡೆ ಅಂತ ಬರೆದಿದ್ದೀರಲ್ಲ ಸ್ವಾಮಿ."

ಕಣ್ಣಾರೆ ಕಂಡದ್ದನ್ನೇ ತಪ್ಪಾಗಿ ಕಂಡೆ ಎಂದೆ. ಅವರು ಕನ್ನಡಕ ತೆಗೆದಿಟ್ಟರು. ಏನು ಕಲಿಸುತ್ತೀರಿ ಎಂದು ಕೇಳಿದರು. ಹೇಳಿದೆ. ಆ ಉತ್ತರದಿಂದ ಅವರಿಗೆ ಆ ತಿಂಗಳಲ್ಲೇ ದೊಡ್ಡ ಸಂತೋಷವಾದಂತೆ ಕಂಡಿತು. ಪಕ್ಕದ ಕೋಣೆಯವರನ್ನು ಕರೆದು ನನ್ನ ವಿಷಯ ಹೇಳಿದರು. ಅವರೂ ಬಂದು ನೋಡಿ ಹೋದರು.

ಆಮೇಲೆ ಸಾಹೇಬರು ಗಂಭೀರವಾದರು. ಅವತ್ತು ತಪ್ಪಾಗಿ ಕಂಡವರು ಗಾಡಿ ನಿಂತ ದಿನ ಸರಿಯಾಗಿ ಕಂಡಿದ್ದೀರಿ ಎಂಬುದಕ್ಕೆ ಏನು ಆಧಾರ ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಆದರೆ ಆ ದಿನ ನನ್ನ ಕಣ್ಣ ಮುಂದೆ ಕಟ್ಟಿದ ಹಾಗಿತ್ತು. ಫ್ಯಾನು ನಿಂತದ್ದು, ಅಕ್ಕಾರು ಫೋನು ಕಿವಿಗಿಟ್ಟು ಬಾಗಿಲಿಗೂ ಸೀಟಿಗೂ ಓಡಾಡಿದ್ದು, ಸಿಗ್ನಲ್ ಸಿಗದೆ ಕೊನೆಗೆ ಜಲ್ಲಿಕಲ್ಲಿನ ಮೇಲೆ ಇಳಿದು ಹೊಲದ ಬದುವಿನ ತನಕ ಹೋದದ್ದು, ಯಾರೋ ಹಸಿ ಗೋವಿನಜೋಳದ ತೆನೆ ಮುರಿದು ತಂದು ಹಂಚಿದ್ದು, ಹೊಲದವನು ಬಂದು ಬೈದದ್ದು, ಅವನಿಗೂ ಒಂದು ತೆನೆ ಕೊಟ್ಟದ್ದು. ಎಲ್ಲವನ್ನೂ ಬಿಡಿಸಿ ಹೇಳಿದೆ. ಸಾಹೇಬರು ನಡುವೆ ಎರಡು ಸಲ ತಡೆದು ಕೇಳಿದರು, ಎರಡೂ ಸಲ ತಡವರಿಸದೆ ಹೇಳಿದೆ. ತೆನೆಯ ಮಾತು ಬಂದಾಗ ಅವರು ನಕ್ಕರು. ಇದನ್ನು ಯಾರೂ ಹುಟ್ಟಿಸಿ ಹೇಳಲಾರರು ಎಂದರು. ಎರಡನ್ನೂ ಬರೆದುಕೊಡಿ, ಎಂಜಿನ್ನಿನ ವಿಷಯ ಅದೇ ಪತ್ರಿಕೆಯಲ್ಲೂ ಬರಲಿ ಎಂದು ಹಾಳೆ ಮುಂದಿಟ್ಟರು.

ಬರೆದುಕೊಟ್ಟೆ. ಪತ್ರಿಕೆಗೂ ಕಳಿಸಿದೆ. ಅವರು ನನ್ನ ತಪ್ಪೊಪ್ಪಿಗೆಯನ್ನು ಮೂರನೆಯ ಪುಟದ ಮೂಲೆಯಲ್ಲಿ ಹಾಕಿ, ಮೇಲೆ 'ಎರಡು ಬಗೆಯ ಎಂಜಿನ್ ಇಲ್ಲ: ಪ್ರಯಾಣಿಕರ ಅಳಲು' ಎಂದು ತಲೆಬರಹ ಕೊಟ್ಟರು. ಇಡೀ ಬ್ಯಾಡಗಿ ಪೇಟೆ ಅದನ್ನು, ಕೊಟ್ಟ ಎಂಜಿನ್ನನ್ನು ವಾಪಸು ಒಯ್ದರು ಎಂದೇ ಓದಿತು. ಅಧ್ಯಕ್ಷರು ಮನವಿ ತಯಾರಿಸಿದರು. ಅದನ್ನು ತಿದ್ದಿಕೊಡಲು ನನ್ನ ಕೈಗೇ ಕೊಟ್ಟರು. ನಮ್ಮ ಎಂಜಿನ್ನು ನಮಗೆ ಬೇಕು, ಎಂಬುದು ಅದರ ಮೊದಲ ವಾಕ್ಯ. ಕಾಗುಣಿತ ತಿದ್ದಿ ಕೊಟ್ಟೆ, ಸಹಿ ಹಾಕಲಿಲ್ಲ. ಚಾಚಾ ಹಾಕಿದರು. ಇಲ್ಲದ್ದನ್ನು ಕೇಳಿದರೆ ಯಾರಿಗೂ ನುಕಸಾನಿಲ್ಲ ಎಂಬುದು ಅವರ ಲೆಕ್ಕ.

ಹದಿನೈದು ದಿನಕ್ಕೆ ಅಕ್ಕಾರ ನೋಟಿಸು ಮುಗಿಯಿತು. ವಿವರಣೆ ಸಮರ್ಪಕವಾಗಿದೆ, ಪ್ರತ್ಯಕ್ಷದರ್ಶಿಯ ಹೇಳಿಕೆಯಿಂದ ದೃಢಪಟ್ಟಿದೆ, ಪ್ರಕರಣ ಕೈಬಿಡಲಾಗಿದೆ ಎಂದು ಆದೇಶ. ಬಡ್ತಿಯ ಪಟ್ಟಿಯಲ್ಲಿ ಹೆಸರು ಇದ್ದಲ್ಲೇ ಉಳಿಯಿತು, ಪಟ್ಟಿ ಮೇಲಿನವರಿಗೆ ಹೋಯಿತು. ಇನ್ನು ಬಡ್ತಿಗೆ ಸಹಿಯೊಂದು ಬೀಳಬೇಕು. ಅವರು ಮನೆಯಿಂದ ಶೇಂಗಾ ಹೋಳಿಗೆ ಮಾಡಿಕೊಂಡು ಬಂದು ಡಬ್ಬಿಗೆಲ್ಲ ಹಂಚಿದರು, ಮೊದಲನೆಯದನ್ನು ನನ್ನ ಕೈಗೆ ಕೊಟ್ಟರು. ನಾನು ಸ್ವಲ್ಪ ಉಬ್ಬಿದೆ ಎಂದು ಕಾಣುತ್ತದೆ. ಅವತ್ತು ನೀವು ಹೊಲದ ಬದುವಿಗೆ ಹೋಗಿ ಫೋನು ಮಾಡಿದ್ದನ್ನು ನೋಡಿ ನನಗೆ ಕೆಟ್ಟದೆನಿಸಿತ್ತು, ಅದನ್ನೇ ಸಾಹೇಬರಿಗೆ ಹೇಳಿದೆ ಎಂದೆ.

ಚಾಚಾ ಹೋಳಿಗೆ ಮುರಿಯುವುದನ್ನು ನಿಲ್ಲಿಸಿದರು.

"ಆವತ್ತು ನೀವು ಎಲ್ಲಿದ್ರಿ ಸರ? ನೀವು ಬಸ್ಸಿಗೆ ಹೋಗಿದ್ರಲ್ಲ. ಮರುದಿನ ಇಲ್ಲೇ ಕುಂತು ಅರ್ಧಾ ತಾಸು ಏನಾತು, ಹೆಂಗಾತು ಅಂತ ನನ್ನ ಕೇಳಿದ್ರಿ. ತೆನಿ ಕಥಿ ನಾನ ಹೇಳೀನಿ ನಿಮಗ."

ಇಲ್ಲ ಎಂದೆ. ನಾನು ಇದ್ದೆ ಎಂದೆ. ಜಲ್ಲಿಕಲ್ಲು ಚಪ್ಪಲಿಯ ಒಳಗೆ ಚುಚ್ಚಿದ್ದು ಈಗಲೂ ನೆನಪಿದೆ ಎಂದೆ. ಚಾಚಾ ವಾದ ಮಾಡಲಿಲ್ಲ, ಅವರು ಎಂದೂ ಮಾಡುವವರಲ್ಲ. ಹೋಳಿಗೆಗೆ ತುಪ್ಪ ಕಡಿಮೆಯಾಗಿದೆ ಎಂದು ಮಾತು ತಿರುಗಿಸಿದರು.

ಕಾಲೇಜು ಮುಟ್ಟಿದವನೇ ಹಾಜರಿ ಪುಸ್ತಕ ತಿರುವಿದೆ. ಗಾಡಿ ಹೊಲದ ನಡುವೆ ನಿಂತ ದಿನ, ಮೊದಲ ಗಂಟೆಗೇ, ನನ್ನ ಸಹಿ. ಪಕ್ಕದಲ್ಲಿ ಸಮಯವನ್ನೂ ನಾನೇ ಬರೆದಿದ್ದೆ, ಸ್ವಲ್ಪ ಬೇಗ ಬಂದ ಹೆಮ್ಮೆಯಿಂದ, ಕೆಳಗೆ ಒಂದು ಗೆರೆ ಎಳೆದು. ಅಂದರೆ ಸಾಹೇಬರು ಎರಡು ಹೇಳಿಕೆ ತೆಗೆದುಕೊಂಡಿದ್ದರು. ನಿಜವಾದದ್ದನ್ನು ಕೇಳಿ ಪಕ್ಕದ ಕೋಣೆಯವರನ್ನು ಕರೆದು ನಕ್ಕಿದ್ದರು. ಸುಳ್ಳನ್ನು ಕೇಳಿ, ಇದನ್ನು ಯಾರೂ ಹುಟ್ಟಿಸಿ ಹೇಳಲಾರರು ಎಂದಿದ್ದರು. ಸುಳ್ಳೂ ಅಲ್ಲ ಅದು. ಗಾಡಿ ನಿಂತದ್ದು, ಅಕ್ಕಾರು ಹೊಲಕ್ಕೆ ಇಳಿದದ್ದು, ತೆನೆ, ಎಲ್ಲ ನಡೆದದ್ದೇ. ನಾನೊಬ್ಬ ಅದರಲ್ಲಿ ಇರಲಿಲ್ಲ, ಅಷ್ಟೇ.

ಸಂಜೆಯ ಗಾಡಿಗೆ ಹಾವೇರಿ ಸ್ಟೇಷನ್ನಿನಲ್ಲಿ ಅಕ್ಕಾರು ಸಿಕ್ಕರು. ಬೆಂಚಿನ ಮೇಲೆ ಕೂತು ಖಾಲಿಯಾದ ಹೋಳಿಗೆಯ ಡಬ್ಬಿಯನ್ನು ಚೀಲದಲ್ಲಿ ಇಡುತ್ತಿದ್ದರು. ಹಾಜರಿ ಪುಸ್ತಕದ ವಿಷಯ ಹೇಳಿದೆ. ನಾಳೆ ಸಾಹೇಬರನ್ನು ಕಂಡು, ಆ ದಿನ ನಾನು ಗಾಡಿಯಲ್ಲಿ ಇರಲಿಲ್ಲ, ಕೇಳಿದ್ದನ್ನು ಕಂಡದ್ದೆಂದು ಬರೆದುಕೊಟ್ಟೆ ಎಂದು ತಿದ್ದಿಬರುತ್ತೇನೆ ಎಂದೆ. ನನಗೆ ಅದು ದೊಡ್ಡ ಮಾತೆಂದು ಕಂಡಿತ್ತು. ಅಕ್ಕಾರಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ.

"ನೀವು ಇದ್ದಿದ್ದಿಲ್ಲಂತ ನನಗ ಅವತ್ತ ಗೊತ್ತಿತ್ರಿ ಸರ. ನಿಮ್ಮ ಸೀಟಿನ್ಯಾಗ ನನ್ನ ಚೀಲ ಇಟ್ಟಿದ್ದೆ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಚೀಲದ ಜಿಪ್ಪು ಎಳೆದು, ಎದ್ದು, ಗಾಡಿ ಬರುವ ದಿಕ್ಕಿಗೆ ನೋಡಿದರು.

"ಇದ್ದಾವ್ರು ಅಷ್ಟೂ ಮಂದಿ ಖರೇ ಹೇಳಿದ್ರು, ಯಾರ್ದೂ ನಡೀಲಿಲ್ಲ. ನಿಮ್ಮದೊಂದು ನಡೀತು. ಇನ್ನೊಮ್ಮೆ ಖರೇ ಹೇಳಾಕ ಹೋಗಬ್ಯಾಡ್ರಿ ಸರ. ಸೋಮವಾರ ಸಹಿ ಆಗ್ತೈತಿ, ಅಲ್ಲೀತನಾ ಆ ಕಚೇರಿ ಕಡೆ ಬರಬ್ಯಾಡ್ರಿ."

ಗಾಡಿ ಬಂತು. ನಾನು ಅವರ ಹಿಂದೆ ಹತ್ತಿ ಕೂತೆ. ಸೋಮವಾರದವರೆಗೆ ಬಸ್ಸಿಗೆ ಹೋಗಿಬಂದೆ.